ಬಿಗ್ ಡೇಟಾ ವಿಶ್ಲೇಷಣೆ ಮತ್ತು ವ್ಯವಹಾರ ಮಾಹಿತಿ ನಿರ್ವಹಣೆಯ ವೃತ್ತಿ ತರಬೇತಿ

ವ್ಯಾಪಾರ, ಬ್ಯಾಂಕು, ಆಸ್ಪತ್ರೆ, ಸಾರಿಗೆ, ಸರಕಾರಿ ಇಲಾಖೆಗಳಲ್ಲಿ ದಿನನಿತ್ಯ ರಾಶಿಬೀಳುವ ದತ್ತಾಂಶವನ್ನು ಸಂಗ್ರಹಿಸಿ, ಶುದ್ಧಗೊಳಿಸಿ, ಓರಣವಾಗಿ ಇರಿಸಿ, ನಿರ್ಧಾರಕ್ಕೆ ಬೇಕಾದ ತಿಳಿವಳಿಕೆಯನ್ನು ಅದರಿಂದ ಹೊರತೆಗೆಯುವ ಕೆಲಸಕ್ಕೆ ಜನರನ್ನು ಸಿದ್ಧಗೊಳಿಸುವ ಶಿಕ್ಷಣ ಇದು. ಸಂಖ್ಯಾಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ, ನಿರ್ವಹಣಾಶಾಸ್ತ್ರ ಈ ನಾಲ್ಕೂ ಕೂಡಿಕೊಂಡು ಇದನ್ನು ಬೆಳೆಸಿವೆ. ಪದವಿ, ಸ್ನಾತಕೋತ್ತರ ಡಿಪ್ಲೊಮಾ, ಉದ್ಯೋಗಸ್ಥರ ಸಂಜೆ ತರಗತಿ, ಆನ್‌ಲೈನ್ ಕೋರ್ಸು, ಕಂಪನಿಗಳ ಒಳತರಬೇತಿ ಹೀಗೆ ಹಲವು ರೂಪಗಳಲ್ಲಿ ಇದು ದೊರೆಯುತ್ತದೆ.

ಅರ್ಥ ಮತ್ತು ವ್ಯಾಪ್ತಿ

ಈ ತರಬೇತಿಗೆ ಎರಡು ಕವಲುಗಳಿವೆ. ಮೊದಲನೆಯದು ವಿಶ್ಲೇಷಣೆ. ಏನಾಯಿತು, ಏಕಾಯಿತು, ಮುಂದೇನಾಗಬಹುದು, ಆಗ ಏನು ಮಾಡಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಅದು ಉತ್ತರ ಹುಡುಕುತ್ತದೆ. ಕಳೆದ ತಿಂಗಳ ಮಾರಾಟದ ವರದಿ ಮೊದಲ ಪ್ರಶ್ನೆಗೆ ಸೇರಿದ್ದು. ಮುಂದಿನ ಹಬ್ಬಕ್ಕೆ ಯಾವ ಊರಿನ ಅಂಗಡಿಗೆ ಎಷ್ಟು ಸರಕು ಕಳಿಸಬೇಕು ಎಂಬ ಸಲಹೆ ಕೊನೆಯದಕ್ಕೆ.

ಎರಡನೆಯದು ಮಾಹಿತಿ ನಿರ್ವಹಣೆ. ದತ್ತಾಂಶ ಎಲ್ಲಿಂದ ಬಂತು, ಯಾರ ಸುಪರ್ದಿಯಲ್ಲಿದೆ, ಎಷ್ಟು ನಿಖರ, ಯಾರು ನೋಡಬಹುದು, ಎಷ್ಟು ಕಾಲ ಇಟ್ಟುಕೊಳ್ಳಬೇಕು, ಯಾವಾಗ ಅಳಿಸಬೇಕು ಎಂಬುದನ್ನು ಅದು ನೋಡಿಕೊಳ್ಳುತ್ತದೆ. ಒಬ್ಬನೇ ಗ್ರಾಹಕ ಒಂದು ಬ್ಯಾಂಕಿನ ಮೂರು ಶಾಖೆಗಳಲ್ಲಿ ಮೂರು ಬಗೆಯಾಗಿ ಹೆಸರು ಬರೆಸಿದ್ದರೆ ಅವನನ್ನು ಒಬ್ಬನೇ ಎಂದು ಗುರುತಿಸಿ ದಾಖಲೆ ಒಂದುಗೂಡಿಸುವುದು ಈ ವಿಭಾಗದ ಕೆಲಸ. ವಿಶ್ಲೇಷಣೆಗೆ ಹೆಚ್ಚು ಹೆಸರಿದೆ. ಆದರೆ ನಿರ್ವಹಣೆ ಹದಗೆಟ್ಟ ಕಡೆ ವಿಶ್ಲೇಷಣೆಯ ಫಲವೂ ಹದಗೆಡುತ್ತದೆ.

ಚಾರಿತ್ರಿಕ ಹಿನ್ನೆಲೆ

ಅಮೆರಿಕದ 1880ರ ಜನಗಣತಿಯ ಲೆಕ್ಕವನ್ನು ಕೈಯಲ್ಲೇ ಮಾಡಿ ಮುಗಿಸಲು ಸುಮಾರು 8 ವರ್ಷ ಹಿಡಿಯಿತು. ಹರ್ಮನ್ ಹಾಲರಿತ್ ರಟ್ಟಿನ ಕಾರ್ಡುಗಳಲ್ಲಿ ತೂತು ಕೊರೆದು ಯಂತ್ರದಿಂದ ಎಣಿಸುವ ವಿಧಾನ ಕಂಡುಹಿಡಿದ ಮೇಲೆ 1890ರ ಗಣತಿಯ ಎಣಿಕೆ ಬಹುಬೇಗ ಮುಗಿಯಿತು. ಅವನು ಕಟ್ಟಿದ ಕಂಪನಿ ಬೇರೆ ಕಂಪನಿಗಳೊಡನೆ ಸೇರಿ 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಅದೇ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1958ರಲ್ಲಿ ಬಿಸಿನೆಸ್ ಇಂಟೆಲಿಜೆನ್ಸ್ ವ್ಯವಸ್ಥೆಯನ್ನು ಕುರಿತು ಲೇಖನ ಪ್ರಕಟಿಸಿದ. 1970ರಲ್ಲಿ ಅಲ್ಲಿಯ ಎಡ್ಗರ್ ಕಾಡ್ ದತ್ತಾಂಶವನ್ನು ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ಇರಿಸುವ ಸಿದ್ಧಾಂತವನ್ನು ಮಂಡಿಸಿದ. ಅದರ ಮೇಲೆ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಪ್ರಕಟಿಸಿದ ಪ್ರಶ್ನಾಭಾಷೆಯೇ ಇಂದಿನ ಎಸ್‌ಕ್ಯೂಎಲ್. ಅರ್ಧ ಶತಮಾನ ಕಳೆದರೂ ಈ ವೃತ್ತಿಯ ಪ್ರತಿ ವಿದ್ಯಾರ್ಥಿಯೂ ಕಲಿಯಲೇಬೇಕಾದ ಭಾಷೆ ಅದು.

1990ರ ದಶಕದಲ್ಲಿ ಬಿಲ್ ಇನ್ಮನ್ ಮತ್ತು ರಾಲ್ಫ್ ಕಿಂಬಾಲ್ ಡೇಟಾ ವೇರ್‌ಹೌಸ್ ಕಟ್ಟುವ ಎರಡು ಬೇರೆ ಬೇರೆ ವಿಧಾನಗಳನ್ನು ಪುಸ್ತಕಗಳಲ್ಲಿ ವಿವರಿಸಿದರು. ದಿನದ ವಹಿವಾಟು ನಡೆಸುವ ಡೇಟಾಬೇಸ್ ಬೇರೆ, ವರ್ಷಗಳ ದಾಖಲೆ ಒಟ್ಟುಗೂಡಿಸಿ ಪರಿಶೀಲಿಸುವ ಉಗ್ರಾಣ ಬೇರೆ ಎಂಬ ವಿಂಗಡಣೆ ಇವರಿಂದ ಗಟ್ಟಿಯಾಯಿತು.

ಭಾರತದಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರು ಪ್ರಶಾಂತ ಚಂದ್ರ ಮಹಾಲನೋಬಿಸ್. ಅವರು 1931ರಲ್ಲಿ ಕೋಲ್ಕತದಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ 1959ರಲ್ಲಿ ಸಂಸತ್ತು ರಾಷ್ಟ್ರೀಯ ಮಹತ್ವದ ಸಂಸ್ಥೆಯ ಸ್ಥಾನ ಕೊಟ್ಟಿತು. ಮರುವರ್ಷವೇ ಅಲ್ಲಿ ಬಿ.ಸ್ಟಾಟ್ ಮತ್ತು ಎಂ.ಸ್ಟಾಟ್ ಪದವಿಗಳು ಆರಂಭವಾದವು. ಮಹಾಲನೋಬಿಸರ ಬಳಿ ಬೆಳೆದ ಸಿ. ಆರ್. ರಾವ್ ಹುಟ್ಟಿದ್ದು 1920ರಲ್ಲಿ, ಬಳ್ಳಾರಿ ಸೀಮೆಯ ಹೂವಿನ ಹಡಗಲಿಯಲ್ಲಿ. ಅಂದಾಜಿನ ನಿಖರತೆಗೆ ಮಿತಿ ಎಲ್ಲಿದೆ ಎಂದು ತೋರಿಸುವ, ಅವರ 1945ರ ಲೇಖನದ ಫಲಿತಾಂಶ ಕ್ರಾಮರ್–ರಾವ್ ಮಿತಿ ಎಂಬ ಹೆಸರಿನಲ್ಲಿ ಜಗತ್ತಿನ ಎಲ್ಲೆಡೆ ಪಾಠವಾಗಿದೆ. ರಾವ್ ಅವರಿಗೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಸಂದಿತು. ಅದೇ ವರ್ಷ ಅವರು ತೀರಿಕೊಂಡರು.

ಮಾಹಿತಿ ನಿರ್ವಹಣೆಯ ಕವಲಿಗೆ ಬೆಂಗಳೂರೇ ಒಂದು ತವರು. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ ಇಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. ಡಿಆರ್‌ಟಿಸಿ ಎಂದೇ ಹೆಸರಾದ ಈ ಕೇಂದ್ರ ಇಂದಿಗೂ ಸ್ನಾತಕೋತ್ತರ ಶಿಕ್ಷಣ ನೀಡುತ್ತಿದೆ. ಒಂದು ವಿಷಯವನ್ನು ಒಂದೇ ಕಪಾಟಿಗೆ ಕಟ್ಟಿಹಾಕದೆ ಅದರ ಹಲವು ಮುಖಗಳ ಮೂಲಕ ಗುರುತಿಸಬೇಕೆಂಬುದು ರಂಗನಾಥನ್ ಅವರ ದ್ವಿಬಿಂದು ವರ್ಗೀಕರಣದ ತಿರುಳು. ಇಂದು ಆನ್‌ಲೈನ್ ಅಂಗಡಿಯಲ್ಲಿ ಸೀರೆ ಹುಡುಕುವವರು ಬಣ್ಣ, ಬೆಲೆ, ಬಟ್ಟೆ, ನೇಯ್ಗೆಯ ಊರು ಎಂದು ಒಂದೊಂದೇ ಮುಖ ಆರಿಸಿ ಪಟ್ಟಿಯನ್ನು ಕಿರಿದಾಗಿಸುವುದು ಇದೇ ತತ್ತ್ವದಿಂದ.

ಬಿಗ್ ಡೇಟಾ ಯುಗ

ವಿಶ್ಲೇಷಕ ಡಗ್ ಲೇನಿ 2001ರಲ್ಲಿ ದತ್ತಾಂಶ ಗಾತ್ರ, ವೇಗ, ವೈವಿಧ್ಯ ಈ ಮೂರು ದಿಕ್ಕಿನಲ್ಲಿ ಬೆಳೆಯುತ್ತಿದೆ ಎಂದು ಬರೆದ. ಇವನ್ನೇ ಬಿಗ್ ಡೇಟಾದ ಲಕ್ಷಣಗಳೆಂದು ಈಗ ಕಲಿಸುತ್ತಾರೆ. ಆಮೇಲೆ ವಿಶ್ವಾಸಾರ್ಹತೆ ಮತ್ತು ಮೌಲ್ಯ ಎಂಬ ಎರಡನ್ನು ಸೇರಿಸಿಕೊಂಡರು. ಗಾತ್ರಕ್ಕೆ ಒಂದು ನಿದರ್ಶನ 2016ರಲ್ಲಿ ಆರಂಭವಾದ ಭಾರತದ ಯುಪಿಐ ಪಾವತಿ ವ್ಯವಸ್ಥೆ. 2023ರ ಆಗಸ್ಟ್ ಒಂದೇ ತಿಂಗಳಲ್ಲಿ ಅದರ ಪಾವತಿಗಳ ಸಂಖ್ಯೆ 1,000 ಕೋಟಿ ದಾಟಿತು. ಇಷ್ಟು ದಾಖಲೆಯನ್ನು ಒಂದು ಕಂಪ್ಯೂಟರಿನಲ್ಲಿ ಇಟ್ಟು, ಒಂದು ಎಕ್ಸೆಲ್ ಹಾಳೆಯಲ್ಲಿ ತೆರೆದು ನೋಡಲಾಗದು.

ಇದಕ್ಕೆ ದಾರಿ ತೋರಿಸಿದ್ದು ಗೂಗಲ್ 2003 ಮತ್ತು 2004ರಲ್ಲಿ ಪ್ರಕಟಿಸಿದ ಎರಡು ಲೇಖನಗಳು. ಒಂದು ಕಡತ ವ್ಯವಸ್ಥೆಯನ್ನು ಕುರಿತದ್ದು. ಇನ್ನೊಂದು ಮ್ಯಾಪ್‌ರೆಡ್ಯೂಸ್ ಎಂಬ ಲೆಕ್ಕವಿಧಾನವನ್ನು ಕುರಿತದ್ದು. ಅವುಗಳ ಆಧಾರದ ಮೇಲೆ ಡಗ್ ಕಟಿಂಗ್ ಮತ್ತು ಮೈಕ್ ಕ್ಯಾಫರೆಲ್ಲ ರೂಪಿಸಿದ ಮುಕ್ತ ತಂತ್ರಾಂಶವೇ 2006ರಲ್ಲಿ ಹೊರಬಂದ ಹಡೂಪ್. ದೊಡ್ಡ ಕಡತವನ್ನು ಸಾಮಾನ್ಯವಾಗಿ 128 ಮೆಗಾಬೈಟಿನ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ ಮೂರು ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುವುದು ಅದರ ಕ್ರಮ. ಒಂದು ಯಂತ್ರ ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ದತ್ತಾಂಶವನ್ನು ಲೆಕ್ಕದ ಬಳಿಗೆ ಹೊರುವ ಬದಲು ಲೆಕ್ಕವನ್ನೇ ದತ್ತಾಂಶ ಇರುವ ಯಂತ್ರಕ್ಕೆ ಕಳಿಸಲಾಗುತ್ತದೆ. 2009ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಟೈ ಜಹಾರಿಯಾ ಆರಂಭಿಸಿದ ಸ್ಪಾರ್ಕ್, ನಡುವಿನ ಫಲಿತಗಳನ್ನು ಡಿಸ್ಕಿಗೆ ಬರೆಯದೆ ಮೆಮೊರಿಯಲ್ಲೇ ಇಟ್ಟುಕೊಂಡು ಇದನ್ನು ಇನ್ನೂ ಚುರುಕುಗೊಳಿಸಿತು.

ತಂತ್ರಾಂಶ ಬೆಳೆದಷ್ಟು ಬೇಗ ಅದನ್ನು ಬಳಸಬಲ್ಲವರು ಬೆಳೆಯಲಿಲ್ಲ. ಮೆಕಿನ್ಸೆ ಜಾಗತಿಕ ಸಂಸ್ಥೆಯ 2011ರ ವರದಿ, 2018ರ ಹೊತ್ತಿಗೆ ಅಮೆರಿಕವೊಂದರಲ್ಲೇ ಆಳವಾದ ವಿಶ್ಲೇಷಣಾ ಕೌಶಲವುಳ್ಳ 1,40,000ದಿಂದ 1,90,000 ಜನರ ಕೊರತೆ ಬರಬಹುದೆಂದು ಅಂದಾಜಿಸಿತು. ದತ್ತಾಂಶ ನೋಡಿ ನಿರ್ಧಾರ ತೆಗೆದುಕೊಳ್ಳಬಲ್ಲ 15 ಲಕ್ಷ ವ್ಯವಸ್ಥಾಪಕರು ಮತ್ತು ವಿಶ್ಲೇಷಕರ ಕೊರತೆಯನ್ನೂ ಅದೇ ವರದಿ ಮುಂದಿಟ್ಟಿತು. ಇದಕ್ಕೂ ಮೊದಲೇ, 2007ರಲ್ಲಿ, ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಅನಲಿಟಿಕ್ಸ್ ವಿಷಯಕ್ಕೆಂದೇ 10 ತಿಂಗಳ ಸ್ನಾತಕೋತ್ತರ ಪದವಿ ಆರಂಭಿಸಿತ್ತು. ಮುಂದಿನ ದಶಕದಲ್ಲಿ ಇಂಥ ಕೋರ್ಸುಗಳು ಎಲ್ಲೆಡೆ ತಲೆಯೆತ್ತಿದವು.

ಪಠ್ಯವಸ್ತು

ಸಂಸ್ಥೆ ಯಾವುದೇ ಇರಲಿ, ಪಠ್ಯ ಸಾಮಾನ್ಯವಾಗಿ ಐದು ಭಾಗಗಳಲ್ಲಿ ಸಾಗುತ್ತದೆ.

ಮೊದಲನೆಯದು ಸಂಖ್ಯಾಶಾಸ್ತ್ರ: ಸಂಭಾವ್ಯತೆ, ಸ್ಯಾಂಪಲ್ ತೆಗೆಯುವ ಕ್ರಮ, ಊಹೆಗಳ ಪರೀಕ್ಷೆ, ರಿಗ್ರೆಶನ್. ಇಲ್ಲಿ ತಪ್ಪದೆ ಹೇಳುವ ಒಂದು ಪ್ರಸಂಗವಿದೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮತಪತ್ರದ ಮಾದರಿ ಕಳಿಸಿ, ಸುಮಾರು 24 ಲಕ್ಷ ಉತ್ತರ ಪಡೆದು, ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತು. ಗೆದ್ದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಪತ್ರಿಕೆ ವಿಳಾಸ ತೆಗೆದುಕೊಂಡದ್ದು ಟೆಲಿಫೋನ್ ಪಟ್ಟಿ, ಮೋಟಾರು ನೋಂದಣಿಯಂಥ ಕಡೆಗಳಿಂದ. ಹಾಗಾಗಿ ಬಡವರ ದನಿ ಅಲ್ಲಿ ಸೇರಲೇ ಇಲ್ಲ. ಉತ್ತರಿಸಲು ಮನಸ್ಸು ಮಾಡಿದವರೂ ಒಂದು ಕಡೆಗೆ ವಾಲಿದ್ದರು. ಬಹಳ ಕಡಿಮೆ ಜನರನ್ನು ಕ್ರಮಬದ್ಧವಾಗಿ ಆರಿಸಿ ಕೇಳಿದ ಜಾರ್ಜ್ ಗ್ಯಾಲಪ್ ಸರಿಯಾಗಿ ಹೇಳಿದ್ದ. ದತ್ತಾಂಶ ದೊಡ್ಡದಾದ ಮಾತ್ರಕ್ಕೆ ನಿಜವಾಗುವುದಿಲ್ಲ ಎಂಬ ಪಾಠ ಬಿಗ್ ಡೇಟಾ ಕಲಿಯುವವರಿಗೆ ಎಲ್ಲಕ್ಕಿಂತ ಮೊದಲು ಬೇಕು.

ಎರಡನೆಯದು ಪ್ರೋಗ್ರಾಮಿಂಗ್ ಮತ್ತು ಡೇಟಾಬೇಸ್: ಎಸ್‌ಕ್ಯೂಎಲ್, ಪೈಥಾನ್, ಆರ್ ಭಾಷೆ. ಆರ್ ಭಾಷೆಯನ್ನು ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ರೂಪಿಸಿದರು. ಪೈಥಾನ್ 1991ರಲ್ಲೇ ಹೊರಬಂದಿದ್ದರೂ, ವೆಸ್ ಮೆಕಿನ್ನಿ 2008ರಲ್ಲಿ ಬರೆಯತೊಡಗಿದ ಪಾಂಡಾಸ್ ಎಂಬ ಸಾಧನದಿಂದಾಗಿ ವಿಶ್ಲೇಷಕರ ಮೆಚ್ಚಿನ ಭಾಷೆಯಾಯಿತು. ಮೂರನೆಯದು ಹಡೂಪ್, ಸ್ಪಾರ್ಕ್, ಕ್ಲೌಡ್ ಸೇವೆಗಳಂಥ ದೊಡ್ಡ ವ್ಯವಸ್ಥೆಗಳು. ನಾಲ್ಕನೆಯದು ಮಷೀನ್ ಲರ್ನಿಂಗ್: ವರ್ಗೀಕರಣ, ಗುಂಪು ಮಾಡುವಿಕೆ, ಮುನ್ಸೂಚನೆ. ಐದನೆಯದು ವ್ಯವಹಾರ ಮತ್ತು ನಿರ್ವಹಣೆ: ಹಣಕಾಸು, ಮಾರುಕಟ್ಟೆ, ದತ್ತಾಂಶದ ಗುಣಮಟ್ಟ, ಭದ್ರತೆ, ಕಾನೂನು, ವರದಿ ಬರೆಯುವ ಹಾಗೂ ಡ್ಯಾಶ್‌ಬೋರ್ಡ್ ಕಟ್ಟುವ ಕೌಶಲ.

ಪ್ರಾಜೆಕ್ಟುಗಳಿಗೆ ಹೆಚ್ಚಾಗಿ ಅನುಸರಿಸುವ ಚೌಕಟ್ಟು 1990ರ ದಶಕದ ಕೊನೆಯಲ್ಲಿ ಯೂರೋಪಿನಲ್ಲಿ ರೂಪುಗೊಂಡ ಕ್ರಿಸ್ಪ್-ಡಿಎಂ. ವ್ಯವಹಾರವನ್ನು ಅರಿಯುವುದು, ದತ್ತಾಂಶವನ್ನು ಅರಿಯುವುದು, ದತ್ತಾಂಶ ಸಿದ್ಧಪಡಿಸುವುದು, ಮಾದರಿ ಕಟ್ಟುವುದು, ಒರೆಗೆ ಹಚ್ಚುವುದು, ಬಳಕೆಗೆ ತರುವುದು ಎಂಬ ಆರು ಹಂತಗಳು ಅದರಲ್ಲಿವೆ.

ಅಭ್ಯಾಸದ ಒಂದು ಮಾದರಿ

ಈ ಹಂತಗಳು ಕೆಲಸದಲ್ಲಿ ಹೇಗಿರುತ್ತವೆ ಎಂಬುದಕ್ಕೆ ಹಳ್ಳಿಯ ಡೇರಿಯ ಲೆಕ್ಕವನ್ನು ನೋಡಬಹುದು. ಹಾಲು ಉತ್ಪಾದಕರ ಸಹಕಾರ ಸಂಘದ ದಾಖಲೆಯಲ್ಲಿ ಸದಸ್ಯರ ಸಂಖ್ಯೆ, ದಿನಾಂಕ, ಬೆಳಗ್ಗೆ ಅಥವಾ ಸಂಜೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ), ಮೊತ್ತ ಎಂಬ ಕಾಲಮುಗಳಿರುತ್ತವೆ. ಕಡತ ತೆರೆದೊಡನೆ ತೊಡಕುಗಳು ಕಾಣುತ್ತವೆ. 3.8 ಇರಬೇಕಾದ ಫ್ಯಾಟ್ ಚುಕ್ಕಿ ತಪ್ಪಿ 38 ಆಗಿದೆ. ಕರೆಂಟು ಹೋದ ದಿನ ಕೋಷ್ಟಕದ ಕೆಲವು ಮನೆಗಳು ಖಾಲಿ. 03/04 ಎಂಬುದು ಏಪ್ರಿಲ್ 3 ಆಗಿರಬಹುದು, ಮಾರ್ಚ್ 4 ಆಗಿರಬಹುದು. ಖಾಲಿ ಮನೆಯಲ್ಲಿ ಸೊನ್ನೆ ತುಂಬಿದರೆ ಆ ದಿನ ಹಾಲೇ ಹಾಕಲಿಲ್ಲ ಎಂದಾಗುತ್ತದೆ. ಸರಾಸರಿ ತುಂಬಿದರೆ ಇಲ್ಲದ್ದನ್ನು ಇದೆ ಎಂದಂತಾಗುತ್ತದೆ. ಯಾವುದನ್ನು ತುಂಬಿದೆ, ಏಕೆ ತುಂಬಿದೆ ಎಂದು ಬರೆದಿಡುವುದೇ ಇಲ್ಲಿ ಕಲಿಸಬೇಕಾದ ಶಿಸ್ತು.

ಮುಂದಿನದು ಲೆಕ್ಕದ ಎಚ್ಚರ. ಒಬ್ಬರು 3.5 ಫ್ಯಾಟಿನ 10 ಲೀಟರ್, ಇನ್ನೊಬ್ಬರು 5.0 ಫ್ಯಾಟಿನ 2 ಲೀಟರ್ ಹಾಕಿದರೆ ಎರಡು ಅಂಕಿಗಳ ಸರಾಸರಿ 4.25. ಆದರೆ ಕ್ಯಾನಿನಲ್ಲಿ ಬೆರೆತ ಹಾಲಿನ ಫ್ಯಾಟ್ 3.75 ಮಾತ್ರ, ಏಕೆಂದರೆ ಹೆಚ್ಚು ಹಾಲಿಗೆ ಹೆಚ್ಚು ತೂಕ ಕೊಡಬೇಕು. ಆಮೇಲೆ ವ್ಯವಹಾರ ಜ್ಞಾನದ ಪರೀಕ್ಷೆ. ಸಂಜೆಯ ಹಾಲಿನಲ್ಲಿ ಫ್ಯಾಟ್ ಹೆಚ್ಚೆಂದು ಅಂಕಿಗಳು ಹೇಳುತ್ತವೆ. ಹೊಸಬರು ಇದನ್ನು ಯಂತ್ರದ ದೋಷವೆಂದೋ ಮೋಸವೆಂದೋ ಗುರುತು ಹಾಕಬಹುದು. ದನ ಕಟ್ಟಿದವರಿಗೆ ಇದು ಸಹಜ ಸಂಗತಿ: ರಾತ್ರಿಯ ಅಂತರ ಉದ್ದವಾದ್ದರಿಂದ ಬೆಳಗ್ಗೆ ಹಾಲು ಹೆಚ್ಚು, ಫ್ಯಾಟ್ ಕಡಿಮೆ, ಹಗಲಿನ ಅಂತರ ಚಿಕ್ಕದಾದ್ದರಿಂದ ಸಂಜೆ ಹಾಲು ಕಡಿಮೆ, ಫ್ಯಾಟ್ ಹೆಚ್ಚು. ಸಂಘದ ಕಾರ್ಯದರ್ಶಿಯನ್ನು ವಿಶ್ಲೇಷಕ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೊನೆಗೆ ಕಾರ್ಯದರ್ಶಿಗೆ ಬೇಕಾಗುವುದು ಸೂತ್ರಗಳ ವಿವರಣೆಯಲ್ಲ. ಬೇಸಿಗೆಯಲ್ಲಿ ಹಾಲು ಎಷ್ಟು ಇಳಿಯಬಹುದು, ಟ್ಯಾಂಕರಿನ ಓಡಾಟವನ್ನು ಹೇಗೆ ಬದಲಿಸಬೇಕು ಎಂದು ಹೇಳುವ ಒಂದು ಪುಟ.

ಭಾರತದಲ್ಲಿ ತರಬೇತಿ

ಉನ್ನತ ಶಿಕ್ಷಣದಲ್ಲಿ ಗಮನಾರ್ಹವಾದುದು 2015ರಲ್ಲಿ ಆರಂಭವಾದ ಬಿಸಿನೆಸ್ ಅನಲಿಟಿಕ್ಸ್ ಸ್ನಾತಕೋತ್ತರ ಡಿಪ್ಲೊಮಾ. ಕಲ್ಕತ್ತಾ ಐಐಎಂ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಮತ್ತು ಖರಗ್‌ಪುರ ಐಐಟಿ ಜಂಟಿಯಾಗಿ ನಡೆಸುವ ಈ ಎರಡು ವರ್ಷದ ಕೋರ್ಸಿನಲ್ಲಿ ವಿದ್ಯಾರ್ಥಿಗಳು ಮೂರೂ ಆವರಣಗಳಲ್ಲಿ ಓದುತ್ತಾರೆ. ನಿರ್ವಹಣೆ, ಸಂಖ್ಯಾಶಾಸ್ತ್ರ, ತಂತ್ರಜ್ಞಾನ ಒಂದೇ ಸೂರಿನಡಿ ಸಿಗುವುದು ಕಷ್ಟವೆಂಬುದನ್ನು ಒಪ್ಪಿಕೊಂಡು ಕಟ್ಟಿದ ಕೋರ್ಸು ಇದು. ಹೈದರಾಬಾದಿನ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ ಉದ್ಯೋಗಸ್ಥರಿಗೆ ಬಿಸಿನೆಸ್ ಅನಲಿಟಿಕ್ಸ್ ಕಾರ್ಯಕ್ರಮ ನಡೆಸುತ್ತದೆ.

ಹೆಚ್ಚು ಜನರನ್ನು ತಲುಪಿದ ಪ್ರಯೋಗ ಮದ್ರಾಸ್ ಐಐಟಿಯದು. 2020ರಲ್ಲಿ ಪ್ರಕಟಿಸಿದ ಅದರ ಡೇಟಾ ಸೈನ್ಸ್ ಆನ್‌ಲೈನ್ ಪದವಿಗೆ ಜೆಇಇ ಬೇಕಿಲ್ಲ. ಕೆಲವು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಪ್ರವೇಶ. ಅಡಿಪಾಯ, ಡಿಪ್ಲೊಮಾ, ಪದವಿ ಎಂಬ ಹಂತಗಳಲ್ಲಿ ಎಲ್ಲಿ ಬೇಕಾದರೂ ನಿಲ್ಲಿಸಿ ಅಷ್ಟಕ್ಕೆ ಪ್ರಮಾಣಪತ್ರ ಪಡೆಯಬಹುದು. ಪಾಠ ಆನ್‌ಲೈನಿನಲ್ಲಿ ನಡೆದರೂ ಮುಖ್ಯ ಪರೀಕ್ಷೆಗಳನ್ನು ಕೇಂದ್ರಗಳಿಗೇ ಹೋಗಿ ಬರೆಯಬೇಕು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ 2003ರಿಂದ ನಡೆಸುತ್ತಿರುವ ಎನ್‌ಪಿಟಿಇಎಲ್, ಕೇಂದ್ರ ಸರಕಾರದ ಸ್ವಯಂ ತಾಣಗಳಲ್ಲಿ ಪಾಠಗಳನ್ನು ಉಚಿತವಾಗಿ ಕೇಳಬಹುದು. ಪರೀಕ್ಷೆಗೆ ಮಾತ್ರ ಶುಲ್ಕ. ಅಭ್ಯಾಸಕ್ಕೆ ಬೇಕಾದ ನೈಜ ದತ್ತಾಂಶ ಕೇಂದ್ರ ಸರಕಾರದ ಮುಕ್ತ ದತ್ತಾಂಶ ತಾಣದಲ್ಲಿ 2012ರಿಂದ ದೊರೆಯುತ್ತಿದೆ.

ಕರ್ನಾಟಕದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣಕ ಮತ್ತು ದತ್ತಾಂಶ ವಿಜ್ಞಾನಕ್ಕೆ ಪ್ರತ್ಯೇಕ ವಿಭಾಗವಿದೆ. 1973ರಲ್ಲಿ ಆರಂಭವಾದ ಬೆಂಗಳೂರು ಐಐಎಂ ಉದ್ಯೋಗಸ್ಥರಿಗಾಗಿ ಬಿಸಿನೆಸ್ ಅನಲಿಟಿಕ್ಸ್ ಪ್ರಮಾಣಪತ್ರ ಕಾರ್ಯಕ್ರಮವನ್ನು ಬಹುಕಾಲದಿಂದ ನಡೆಸುತ್ತಿದೆ. 1999ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಐಐಐಟಿ ಸಹ ಡೇಟಾ ಸೈನ್ಸ್ ಕೋರ್ಸುಗಳನ್ನು ಕೊಡುತ್ತದೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಧೀನ ಕಾಲೇಜುಗಳಲ್ಲಿ ಬಿಗ್ ಡೇಟಾ ಪಠ್ಯವಿಷಯವಾಗಿದೆ. ಡೇಟಾ ಸೈನ್ಸ್ ಶಾಖೆಯಲ್ಲೇ ಬಿ.ಇ. ಮಾಡುವ ಅವಕಾಶವೂ ಇದೆ. ಕಂಪನಿಗಳ ಒಳತರಬೇತಿಗೆ ಇನ್ಫೋಸಿಸ್‌ನ ಮೈಸೂರು ಆವರಣ ಹೆಸರುವಾಸಿ. ವಿಶ್ಲೇಷಣೆಯನ್ನೇ ಉದ್ಯಮವಾಗಿಸಿಕೊಂಡು 2004ರಲ್ಲಿ ಆರಂಭವಾದ ಮ್ಯು ಸಿಗ್ಮಾ ಬೆಂಗಳೂರಿನಲ್ಲಿ ಸಾವಿರಾರು ಯುವಕ ಯುವತಿಯರನ್ನು ಈ ಕೆಲಸಕ್ಕೆ ಪಳಗಿಸಿತು.

ಸರಕಾರಿ ಮಾಹಿತಿ ನಿರ್ವಹಣೆಗೆ ಕರ್ನಾಟಕದ ಭೂಮಿ ಯೋಜನೆ ಹಲವು ಕಡೆ ಪಾಠವಾಗಿದೆ. ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಗ್ರಾಮಲೆಕ್ಕಿಗರ ಕೈಬರಹದ ದಾಖಲೆಯಲ್ಲಿ ಬಿನ್, ಕೋಂ ಎಂದು ತಂದೆಯ ಅಥವಾ ಗಂಡನ ಹೆಸರು ಸೇರಿಸಿ ಬರೆಯುವುದು ವಾಡಿಕೆ. ಒಂದೇ ಊರಿನಲ್ಲಿ ಹತ್ತಾರು ರಾಮಪ್ಪಂದಿರು ಇರುವಲ್ಲಿ ಆ ಒಂದು ಪದ ಕೈಬಿಟ್ಟರೆ ಹೊಲದ ಒಡೆತನವೇ ಬೇರೆಯವರ ಪಾಲಾಗಬಹುದು. ಹೆಸರುಗಳನ್ನು ಹೊಂದಿಸುವ ತಂತ್ರಾಂಶಗಳನ್ನು ಇಂಗ್ಲಿಷ್ ಹೆಸರುಗಳ ಮೇಲಷ್ಟೇ ಅಭ್ಯಾಸ ಮಾಡಿದವರಿಗೆ ಈ ಸೂಕ್ಷ್ಮ ಹೊಳೆಯುವುದಿಲ್ಲ. ಕನ್ನಡದ ದಾಖಲೆಗಳನ್ನೂ ಅಭ್ಯಾಸದ ಕಡತಗಳಾಗಿ ಬಳಸುವ ಪದ್ಧತಿ ನಮ್ಮ ಕಾಲೇಜುಗಳಿಗೆ ಬರಬೇಕಾಗಿದೆ.

ಪ್ರಮಾಣಪತ್ರಗಳು ಮತ್ತು ಹುದ್ದೆಗಳು

ಪದವಿಯ ಹೊರತಾಗಿ ವೃತ್ತಿಸಂಘಗಳ ಪ್ರಮಾಣಪತ್ರಗಳಿವೆ. ಅಮೆರಿಕದ ಇನ್ಫಾರ್ಮ್ಸ್ ಸಂಘ ವಿಶ್ಲೇಷಕರಿಗೆ ಸಿಎಪಿ ಪರೀಕ್ಷೆ ನಡೆಸುತ್ತದೆ. ದತ್ತಾಂಶ ನಿರ್ವಾಹಕರ ಅಂತರರಾಷ್ಟ್ರೀಯ ಸಂಘ ಡಾಮಾ ಸಿಡಿಎಂಪಿ ಪರೀಕ್ಷೆ ನಡೆಸುತ್ತದೆ. ಡಾಮಾದ ಕೈಪಿಡಿ ಮೊದಲು 2009ರಲ್ಲಿ, ಪರಿಷ್ಕರಿಸಿದ ಆವೃತ್ತಿ 2017ರಲ್ಲಿ ಬಂತು. ಮಾಹಿತಿ ನಿರ್ವಹಣೆಯಲ್ಲಿ ಅದೇ ಪ್ರಮುಖ ಆಕರ. ಕ್ಲೌಡ್ ಕಂಪನಿಗಳ ಪ್ರಮಾಣಪತ್ರಗಳು ಆಯಾ ಕಂಪನಿಯ ಉತ್ಪನ್ನ ಬಳಸುವ ಕೌಶಲವನ್ನು ಅಳೆಯುತ್ತವೆ. ಉತ್ಪನ್ನ ಬದಲಾದಂತೆ ಅವನ್ನು ನವೀಕರಿಸಬೇಕು.

ಹುದ್ದೆಗಳಲ್ಲಿ ಡೇಟಾ ಅನಲಿಸ್ಟ್ ವರದಿ ಮತ್ತು ಪರಿಶೀಲನೆ ನೋಡಿಕೊಳ್ಳುತ್ತಾರೆ. ಡೇಟಾ ಎಂಜಿನಿಯರ್ ದತ್ತಾಂಶ ಹರಿದುಬರುವ ದಾರಿ ಕಟ್ಟುತ್ತಾರೆ. ಡೇಟಾ ಸೈಂಟಿಸ್ಟ್ ಮುನ್ಸೂಚನೆಯ ಮಾದರಿ ರೂಪಿಸುತ್ತಾರೆ. ಡೇಟಾ ಸ್ಟುವರ್ಡ್ ಗುಣಮಟ್ಟ ಕಾಯುತ್ತಾರೆ. ದೊಡ್ಡ ಸಂಸ್ಥೆಗಳಲ್ಲಿ ಇವೆಲ್ಲದರ ಮೇಲೆ ಮುಖ್ಯ ದತ್ತಾಂಶ ಅಧಿಕಾರಿ ಇರುತ್ತಾರೆ.

ಕಾನೂನು ಮತ್ತು ಹೊಣೆ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಆಧಾರ್ ಕುರಿತು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಆರು ವರ್ಷಗಳ ಬಳಿಕ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ನ್ನು ಅಂಗೀಕರಿಸಿತು. ಅದರ ಪ್ರಕಾರ, ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದಿದೆಯೋ ಅದಕ್ಕಷ್ಟೇ ಮಾಹಿತಿ ಬಳಸಬೇಕು. ತಿದ್ದಿಸಿಕೊಳ್ಳುವ, ಅಳಿಸಿಸಿಕೊಳ್ಳುವ ಹಕ್ಕು ವ್ಯಕ್ತಿಗೆ ಇದೆ. ಭದ್ರತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಯೂರೋಪಿನಲ್ಲಿ ದತ್ತಾಂಶ ಸಂರಕ್ಷಣೆಯ ಜಿಡಿಪಿಆರ್ ನಿಯಮ 2018ರಿಂದ ಜಾರಿಯಲ್ಲಿದೆ. ಅಲ್ಲಿಯ ಗ್ರಾಹಕರ ದತ್ತಾಂಶದ ಮೇಲೆ ಬೆಂಗಳೂರಿನಲ್ಲಿ ಕೆಲಸ ಮಾಡುವವರೂ ಅದನ್ನು ಅರಿತಿರಬೇಕು.

ಕಾನೂನಿನ ಆಚೆಗೂ ಹೊಣೆಯಿದೆ. ಹಿಂದಿನ ದಾಖಲೆಯಲ್ಲಿ ಅಡಗಿದ ತಾರತಮ್ಯವನ್ನು ಯಂತ್ರ ನಿಯಮವೆಂದೇ ಕಲಿಯುತ್ತದೆ. ಹಿಂದೆ ಸಾಲ ಸಿಗದೆ ಉಳಿದ ಬೀದಿಯ ಜನರನ್ನು ಅದು ಸಾಲಕ್ಕೆ ಅನರ್ಹರೆಂದು ಗುರುತಿಸಬಹುದು. ಗೂಗಲ್ 2008ರಲ್ಲಿ ಹುಡುಕಾಟದ ಪದಗಳಿಂದ ಫ್ಲೂ ಹರಡುವಿಕೆಯನ್ನು ಅಂದಾಜಿಸಲು ಆರಂಭಿಸಿದ ಸೇವೆ 2012–13ರ ಚಳಿಗಾಲದಲ್ಲಿ ರೋಗವನ್ನು ವಿಪರೀತ ಹೆಚ್ಚಾಗಿ ತೋರಿಸಿತು. 2015ರಲ್ಲಿ ಅದರ ಪ್ರಕಟಣೆ ನಿಂತಿತು. ಎರಡು ಸಂಗತಿ ಒಟ್ಟಿಗೆ ಏರಿಳಿದರೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ ಎಂಬುದಕ್ಕೆ ಇದು ಎದ್ದುಕಾಣುವ ನಿದರ್ಶನ.

ಮೌಲ್ಯಮಾಪನ

ಈ ಕ್ಷೇತ್ರದ ತರಬೇತಿಯಲ್ಲಿ ಇಂದು ಕಾಣುವ ದೊಡ್ಡ ದೋಷ ಸಾಧನಗಳಿಗೆ ಅತಿಯಾದ ಒತ್ತು. ಕೆಲವೇ ತಿಂಗಳಲ್ಲಿ ಡೇಟಾ ಸೈಂಟಿಸ್ಟ್ ಮಾಡುತ್ತೇವೆ, ಕೆಲಸ ಖಚಿತ ಎಂಬ ಜಾಹೀರಾತುಗಳನ್ನು ನಂಬಿ ಸಾಲ ಮಾಡಿ ಶುಲ್ಕ ಕಟ್ಟುವ ಕುಟುಂಬಗಳಿವೆ. ಸೇರುವ ಮುನ್ನ ಪದವಿ ಕೊಡುವ ಸಂಸ್ಥೆಗೆ ಮಾನ್ಯತೆ ಇದೆಯೇ, ಪಾಠ ಮಾಡುವವರು ಯಾರು, ನೈಜ ದತ್ತಾಂಶದ ಮೇಲೆ ಪ್ರಾಜೆಕ್ಟ್ ಇದೆಯೇ, ಶುಲ್ಕ ವಾಪಸಾತಿಯ ನಿಯಮ ಲಿಖಿತವಾಗಿದೆಯೇ ಎಂದು ವಿಚಾರಿಸುವುದು ಅಗತ್ಯ. ಉಚಿತ ಪಾಠಗಳನ್ನು ಒಂದೆರಡು ತಿಂಗಳು ಕೇಳಿ, ಆಸಕ್ತಿ ಮತ್ತು ಶಕ್ತಿ ಎರಡನ್ನೂ ತಿಳಿದುಕೊಂಡು ಆಮೇಲೆ ಹಣ ಕಟ್ಟುವುದು ವಿವೇಕ.

ಮ್ಯಾಪ್‌ರೆಡ್ಯೂಸಿನ ಜಾಗಕ್ಕೆ ಹತ್ತೇ ವರ್ಷದಲ್ಲಿ ಸ್ಪಾರ್ಕ್ ಬಂತು. ಅದರ ಜಾಗಕ್ಕೂ ಬೇರೊಂದು ಬರಲಿದೆ. ಸ್ಯಾಂಪಲ್ ಸರಿಯೇ ಎಂದು ನೋಡುವ ಕಣ್ಣು, ಕೋಷ್ಟಕಗಳನ್ನು ಜೋಡಿಸುವ ಕೈ, ಕೆಲಸ ಬಲ್ಲವರನ್ನು ಕೇಳುವ ವಿನಯ, ಜನರ ಮಾಹಿತಿಯನ್ನು ಕಾಪಾಡುವ ನಿಷ್ಠೆ ಇವು ಹಳತಾಗುವುದಿಲ್ಲ. ಇವನ್ನು ಕಲಿಸುವ ಕೋರ್ಸನ್ನು ಆರಿಸಿಕೊಳ್ಳಿ. ಉಳಿದ ಸಾಧನಗಳನ್ನು ಕೆಲಸ ಮಾಡುತ್ತಲೇ ಕಲಿಯಬಹುದು.